ಪೀಟರ್, ಬಗ್ಸ್ ಎಲ್ಲಾ ಸರಿ, ನಮ್ಮ ಮೊಲದ ಹೆಸರೇನು?

ಮಳೆಕಾಡು (ತೀರ್ಥಹಳ್ಳಿ ಕಡೆ)
ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ತಲೆಬಿಸಿ. ಮಗಳು ಎರಡನೇ ಕ್ಲಾಸು. ಬರೋ ಶನಿವಾರ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ. ಅವಳಿಗೆ ಮೊಲ ಆಗಬೇಕಂತೆ. ಆಗಲಿ, ಎರಡು ಕಿವಿ, ಒಂದು ಬಾಲ, ಕೆಲಸ ಮುಗೀತು ಅಂದ್ಕೊಂಡಿದ್ದೆ. ಆದರೆ ಶಾಲೆಯ ಚೀಟಿಯಲ್ಲಿ 'ಪಾತ್ರದ ಹೆಸರು' ಅಂತ ಒಂದು ಖಾನೆ ಇದೆ. 'ಮೊಲ' ಅಂತ ಬರೆದು ಕಳಿಸಿದೆ. ವಾಪಸ್ ಬಂತು. ಯಾವ ಮೊಲ, ಜನಕ್ಕೆ ಗೊತ್ತಿರೋ ಪಾತ್ರ ಆಗಬೇಕು ಅಂತ.

ನೆನಪಿಗೆ ಬಂದದ್ದೆಲ್ಲ ಹೇಳಿದೆ. ನೀಲಿ ಕೋಟಿನ ಪೀಟರ್ ರ್ಯಾಬಿಟ್, ಕ್ಯಾರೆಟ್ ಕಡಿಯೋ ಬಗ್ಸ್ ಬನ್ನಿ, ತಡವಾಯ್ತು ತಡವಾಯ್ತು ಅಂತ ಗಡಿಯಾರ ನೋಡ್ಕೊಂಡು ಓಡೋ ಆಲಿಸ್ ಕಥೆಯ ಬಿಳಿ ಮೊಲ. ಎಲ್ಲಾ ಕೇಳಿಸ್ಕೊಂಡು ಅವಳು ಕೇಳಿದ್ದು ಒಂದೇ: "ಅಮ್ಮ, ನಮ್ಮ ಮೊಲದ ಹೆಸರೇನು?"

ನಮ್ಮ ಮೊಲ ಅಂದ್ರೆ ಸಿಂಹವನ್ನ ಬಾವಿಗೆ ಬೀಳಿಸಿದ ಮೊಲ. ನನ್ನ ಅಪ್ಪಯ್ಯ ದಿನಾ ಅವಳನ್ನ ಮಲಗಿಸೋವಾಗ ಹೇಳೋದು ಅದೇ ಕಥೆ. ನನಗೆ ಉತ್ತರವೇ ಬರಲಿಲ್ಲ. ನಮ್ಮ ಹಸುವಿಗೆ ಪುಣ್ಯಕೋಟಿ ಅಂತ ಹೆಸರಿದೆ. ಅದನ್ನ ತಿನ್ನೋಕೆ ಬಂದ ಹುಲಿಗೂ ಅರ್ಬುತ ಅಂತ ಹೆಸರಿದೆ. ಮೊಲಕ್ಕೆ ಮಾತ್ರ ಯಾಕಿಲ್ಲ? ಯಾರಿಗಾದ್ರೂ ಗೊತ್ತಾ?

ಅಡಿಕೆಗೊನೆ
ಬಗ್ಸ್ ಬನ್ನಿ ಅಂತ ಬರೆದು ಕೈಗೊಂದು ಕ್ಯಾರೆಟ್ ಕೊಡಿ ಮಾರಾಯ್ರೆ. ಇದಕ್ಕೆಲ್ಲ ಇಷ್ಟು ಯೋಚನೆ ಯಾಕೆ.

ಮಳೆಕಾಡು
ಕ್ಯಾರೆಟ್ ಕಂಡ್ರೆ ಅವಳಿಗೆ ಆಗಲ್ಲ. ವೇದಿಕೆ ಮೇಲೆ ಎಸೆದು ಬರ್ತಾಳೆ.

ಭದ್ರಾವತಿ ಹುಡುಗ
ಬಗ್ಸ್ ಬನ್ನಿ ಬಗ್ಗೆ ಯಾರೂ ಹಗುರಾಗಿ ಮಾತಾಡಬೇಡಿ. ಕಾರ್ಟೂನ್ ನೆಟ್‌ವರ್ಕ್ ನಮ್ಮ ದೇಶಕ್ಕೆ ಬಂದಿದ್ದು 1995ರಲ್ಲಿ. ನಮ್ಮ ಬೀದಿಯಲ್ಲಿ ಕೇಬಲ್ ಇದ್ದದ್ದು ಒಂದೇ ಮನೆಗೆ. ಶಾಲೆ ಬಿಟ್ಟು ಓಡಿ ಹೋಗಿ ಅವರ ಕಿಟಕಿ ಸರಳು ಹಿಡ್ಕೊಂಡು ನೋಡ್ತಿದ್ವಿ. ಇಂಗ್ಲಿಷ್ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಬಂದೂಕು ಹಿಡಿದೋನು ಪೆದ್ದ, ಮೊಲ ಜಾಣ, ಅಷ್ಟು ಸಾಕಿತ್ತು. ಸರಿಯಾಗಿ ಬೇಟೆಗಾರ ಬಿಲಕ್ಕೆ ಕೈ ಹಾಕೋ ಹೊತ್ತಿಗೆ ಕರೆಂಟ್ ಹೋಗ್ತಿತ್ತು. ಬಗ್ಸ್ ಹುಟ್ಟಿದ್ದು 1938ರಲ್ಲಿ. ಲೆಕ್ಕ ಹಾಕಿ, ನಮ್ಮ ಅಜ್ಜನ ವಯಸ್ಸು.

ತುಂಗೆಮೀನು
1938 ಅಲ್ಲ ಭಾವ, 1940. 1938ರಲ್ಲಿ ಬಂದದ್ದು ಬೇರೆ ಒಂದು ಕಿತಾಪತಿ ಮೊಲ. ರೂಪ ಬೇರೆ, ದನಿ ಬೇರೆ, ಹೆಸರೂ ಗಟ್ಟಿ ಇರಲಿಲ್ಲ. 1940ರ ಜುಲೈನಲ್ಲಿ ಟೆಕ್ಸ್ ಏವರಿ ನಿರ್ದೇಶಿಸಿದ ಚಿತ್ರದಲ್ಲಿ ಕ್ಯಾರೆಟ್ ಕಡೀತಾ "ಏನ್ ಸಮಾಚಾರ ಡಾಕ್ಟ್ರೇ" ಅಂತ ಕೇಳಿದನಲ್ಲ, ಅವನೇ ಬಗ್ಸ್. ದನಿ ಮೆಲ್ ಬ್ಲಾಂಕ್ ಅವರದ್ದು.

ಭದ್ರಾವತಿ ಹುಡುಗ
1938ರ ಮೊಲವೇ ಬೆಳೆದು 1940ರ ಮೊಲ ಆಗಿದ್ದು. ಮಗು ಹುಟ್ಟಿದ್ದು ಯಾವಾಗ ಅಂತ ಕೇಳಿದ್ರೆ ನಾಮಕರಣದ ತಾರೀಕು ಹೇಳ್ತೀರಾ?

ತುಂಗೆಮೀನು
ನೀವು ಹಿಡಿದ ಮೊಲಕ್ಕೆ ಮೂರೇ ಕಾಲು. ಬಿಟ್ಟೆ.

ಕಾಡುದಾರಿ
ಎಲ್ಲರೂ ಸುಮ್ನೆ ಒಂದೇ ಪದದಲ್ಲಿ ಎರಡು ಪ್ರಾಣಿ ಬೆರೆಸ್ತಾ ಇದ್ದೀರಿ. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತೀವಿ, ಇಂಗ್ಲಿಷ್‌ನಲ್ಲಿ ರ್ಯಾಬಿಟ್ ಬೇರೆ, ಹೇರ್ ಬೇರೆ. ಪೀಟರ್ ರ್ಯಾಬಿಟ್. ಅದು ಬಿಲ ತೋಡುತ್ತೆ, ಗುಂಪಾಗಿ ಇರುತ್ತೆ, ಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತೆ, ಮೈಮೇಲೆ ಕೂದಲೂ ಇರಲ್ಲ. ನಮ್ಮ ಬ್ಯಾಣದಲ್ಲಿ, ಗದ್ದೆ ಅಂಚಲ್ಲಿ ರಾತ್ರಿ ಗಾಡಿ ಬೆಳಕಿಗೆ ಸಿಗೋದು ಹೇರ್. ಅದು ಬಿಲ ತೋಡಲ್ಲ. ಹುಲ್ಲಿನ ನಡುವೆ ಮೈ ಒತ್ತಿ ಮಲಗಿ ಒಂದು ತಗ್ಗು ಮಾಡ್ಕೊಳ್ಳುತ್ತೆ, ಅಷ್ಟೇ. ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತೆ, ಮೈತುಂಬ ಕೂದಲು ಇರುತ್ತೆ.

ಒಮ್ಮೆ ಸೊಪ್ಪಿನ ಬೆಟ್ಟದಲ್ಲಿ ಒಂದು ಎದ್ದು ಓಡಿದ ಜಾಗಕ್ಕೆ ಕೈ ಇಟ್ಟಿದ್ದೆ. ಆ ತಗ್ಗು ಇನ್ನೂ ಬೆಚ್ಚಗಿತ್ತು. ಹುಲ್ಲು ಅದರ ಮೈ ಆಕಾರಕ್ಕೆ ಬಾಗಿತ್ತು, ಹಿಂದಿನ ಕಡೆ ಅಗಲ, ಮುಂದೆ ಚೂಪು.

ಇನ್ನೊಂದು ಮಾತು. ನಮ್ಮ ಮೊಲ ಬಿಳಿ ಅಲ್ಲ. ಕಂದು ಮೈ, ಕತ್ತಿನ ಹಿಂದೆ ಕಪ್ಪು ಪಟ್ಟೆ. ಬಿಳಿ ಮೊಲ ಅಂಗಡಿಯಿಂದ ಬಂದದ್ದು. ಮಗಳಿಗೆ ಹತ್ತಿ ಮೆತ್ತಬೇಡಿ.

ಆಗುಂಬೆ ಜಿಗಣೆ
ಹಾಗಾದ್ರೆ ಛದ್ಮವೇಷಕ್ಕೆ ಹುಲ್ಲಲ್ಲಿ ಮಲಗಿಸಿ ಬಿಡೋದಾ?

ಕುಂದಾದ್ರಿ ಗಾಳಿ
ಪೀಟರ್ ವೇಷಕ್ಕೆ ನೀಲಿ ಕೋಟು ಬೇಕು ಅಂತ ಕೊಪ್ಪ ಪೇಟೆ ಸುತ್ತಬೇಡಿ. ಅಡಿಕೆ ಮರಕ್ಕೆ ಔಷಧಿ ಹೊಡೆಯೋರ ಅಂಗಿ ಇದ್ದರೆ ಸಾಕು. ಎರಡು ಮಳೆಗಾಲ ಮೈಲುತುತ್ತ ಕುಡಿದಿರುತ್ತೆ, ಪೀಟರ್ ಕೋಟಿಗಿಂತ ಚೆಂದದ ನೀಲಿ.

ಹೊಳೆಸಾಲು ಅಕ್ಕ
ಪೀಟರ್ ಕಥೆ ಹುಟ್ಟಿದ್ದು ಒಂದು ಕಾಗದದಲ್ಲಿ. ಬಿಯಾಟ್ರಿಕ್ಸ್ ಪಾಟರ್ 1893ರಲ್ಲಿ ಕಾಯಿಲೆ ಬಿದ್ದ ಒಬ್ಬ ಪುಟ್ಟ ಹುಡುಗನಿಗೆ ಏನು ಬರೆಯೋದು ಅಂತ ತೋಚದೆ ನಾಲ್ಕು ಮೊಲಗಳ ಕಥೆ ಬರೆದು, ಚಿತ್ರ ಹಾಕಿ ಕಳಿಸಿದಳು. ಆಮೇಲೆ ಪುಸ್ತಕ ಮಾಡೋಣ ಅಂದ್ರೆ ಪ್ರಕಾಶಕರು ಒಪ್ಪಲಿಲ್ಲ. 1901ರಲ್ಲಿ ಸ್ವಂತ ದುಡ್ಡಲ್ಲಿ 250 ಪ್ರತಿ ಅಚ್ಚು ಹಾಕಿಸಿದಳು. ಮರು ವರ್ಷ ಪ್ರಕಾಶಕರೇ ಬಂದು ಅಚ್ಚು ಮಾಡಿದರು. 1903ಕ್ಕೆ ಪೀಟರ್ ಬೊಂಬೆಗೆ ಪೇಟೆಂಟ್ ಕೂಡ ತಗೊಂಡಳು. ಭಾರಿ ಲೆಕ್ಕದ ಹೆಂಗಸು. ನನಗೆ ಅವಳ ಚಿತ್ರಕ್ಕಿಂತ ಈ ವ್ಯವಹಾರವೇ ಇಷ್ಟ.

ಮಕ್ಕಳಿಗೆ ಓದಿ ಹೇಳೋವಾಗ ಒಂದು ಕಡೆ ನಾಲಿಗೆ ತಡವರಿಸುತ್ತೆ. ಮೊದಲ ಪುಟಗಳಲ್ಲೇ ಅಮ್ಮ ಹೇಳ್ತಾಳೆ, ಆ ತೋಟಕ್ಕೆ ಹೋಗಬೇಡಿ, ನಿಮ್ಮಪ್ಪ ಅಲ್ಲಿಗೆ ಹೋಗಿ ಕಡುಬಿನ ಒಳಗೆ ಸೇರಿ ಹೋದ ಅಂತ.

ಅಡಿಕೆಗೊನೆ
ಮೊಲದ ಕಡುಬಾ! ನಮ್ಮ ಕಡೆ ಆಗಿದ್ರೆ ಸಾರು. ನಮ್ಮ ದೊಡ್ಡಜ್ಜ ಹೇಳೋರು, ಮೊದಲ ಮಳೆ ಬಿದ್ದ ರಾತ್ರಿ ಬ್ಯಾಟರಿ ಹಿಡ್ಕೊಂಡು...

ಕಟ್ಟೆ ಯಜಮಾನ
ಅಲ್ಲಿಗೇ ನಿಲ್ಲಿಸಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮೊಲದ ಬೇಟೆ ಅಪರಾಧ. ದೊಡ್ಡಜ್ಜನ ಕಥೆ ದೊಡ್ಡಜ್ಜನ ಜೊತೆಗೇ ಇರಲಿ. ಮಸಾಲೆ ಯಾವುದು ಅಂತ ಕೇಳ್ಕೊಂಡು ಬರೋರ ಖಾತೆಯನ್ನ ಒಂದು ವಾರ ಬಂದ್ ಮಾಡ್ತೀನಿ.

ಸಾಗರದ ಶಶಿ
ವೇಷದ ಖರ್ಚೇ ಬೇಡ ಅಂದ್ರೆ ಹಾರ್ವಿ ಅಂತ ಬರೆದು ಕೊಡಿ. ಮೇರಿ ಚೇಸ್ ಬರೆದ 1944ರ ನಾಟಕ. ಆರಡಿಗೂ ಎತ್ತರದ ಮೊಲ, ಕಥಾನಾಯಕನ ಜೀವದ ಗೆಳೆಯ, ಬೇರೆ ಯಾರ ಕಣ್ಣಿಗೂ ಕಾಣಲ್ಲ. ಮಗಳನ್ನ ಮನೆಯಲ್ಲೇ ಬಿಟ್ಟು ನೀವು ವೇದಿಕೆಗೆ ಹೋಗಿ ಖಾಲಿ ಜಾಗ ತೋರಿಸಿ ಬನ್ನಿ. ತಮಾಷೆ ಅಲ್ಲ, ಆ ನಾಟಕಕ್ಕೆ ಪುಲಿಟ್ಜರ್ ಬಹುಮಾನ ಬಂದಿದೆ.

ಆಗುಂಬೆ ಜಿಗಣೆ
ನಮ್ಮೂರಿನ ನೆಟ್‌ವರ್ಕ್ ಕೂಡ ಹಾರ್ವಿಯೇ.

ತುಂಗೆಮೀನು
ವ್ಯವಹಾರದ ಮಾತು ಬಂತಲ್ಲ, ಆಸ್ವಾಲ್ಡ್ ಅಂತ ಒಂದು ಮೊಲ ಇದೆ, ಅದರ ಕಥೆ ಕೇಳಿ. 1927ರಲ್ಲಿ ವಾಲ್ಟ್ ಡಿಸ್ನಿ ಕಂಪನಿ ಮಾಡಿದ ಪಾತ್ರ. ಚೆನ್ನಾಗಿ ಓಡ್ತಿತ್ತು. ಆದರೆ ಹಕ್ಕು ಅವನ ಹತ್ತಿರ ಇರಲಿಲ್ಲ. ಮರು ವರ್ಷ ಹೆಚ್ಚು ದುಡ್ಡು ಕೊಡಿ ಅಂತ ಕೇಳೋಕೆ ಹೋದ್ರೆ ಮೊಲವೂ ಕೈಬಿಡ್ತು, ಚಿತ್ರ ಬರೆಯೋ ಜನರೂ ಸುಮಾರು ಮಂದಿ ಕೈಬಿಟ್ಟರು. ಆಮೇಲೆ ಅವನು ಇಲಿ ಹಿಡಿದ. ಅದೇ ಮಿಕ್ಕಿ ಮೌಸ್. ಆ ಮೊಲ ಡಿಸ್ನಿ ಮನೆಗೆ ವಾಪಸ್ ಬಂದಿದ್ದು 2006ರಲ್ಲಿ. ಹೇಗೆ ಅಂದ್ರೆ, ಅಲ್ ಮೈಕಲ್ಸ್ ಅನ್ನೋ ಆಟದ ವೀಕ್ಷಕ ವಿವರಣೆಗಾರನನ್ನ ಇನ್ನೊಂದು ಕಂಪನಿಗೆ ಬಿಟ್ಟುಕೊಟ್ಟು ಬದಲಿಗೆ ಮೊಲ ತಗೊಂಡರು.

ಅಡಿಕೆಗೊನೆ
ಒಬ್ಬ ಮನುಷ್ಯನಿಗೆ ಒಂದು ಮೊಲ. ಮಂಡಿಯಲ್ಲಿ ಕೂತ ನಮಗೂ ಇಂಥ ವ್ಯಾಪಾರ ಹೊಳೆದಿಲ್ಲ ನೋಡಿ.

ಹಳೇ ಮೇಷ್ಟ್ರು
ತಡವಾಗಿ ಬಂದೆ, ಕ್ಷಮಿಸಿ. ಕರೆಂಟ್ ಇರಲಿಲ್ಲ. ಮಗುವಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ. ಸಿಂಹದ ಕಥೆಯ ಮೊಲಕ್ಕೆ ಹೆಸರಿಲ್ಲ, ನಿಜ. ಕೆಲವು ಪಂಚತಂತ್ರಗಳಲ್ಲಿ ಸಿಂಹಕ್ಕೆ ಭಾಸುರಕ ಅಂತ ಹೆಸರಿದೆ. ಸತ್ತವನಿಗೆ ಹೆಸರು, ಗೆದ್ದವನಿಗೆ ಇಲ್ಲ. ಆದರೆ ಅದೇ ಪಂಚತಂತ್ರದಲ್ಲಿ ಇನ್ನೊಂದು ಮೊಲ ಇದೆ. ಅದರ ಹೆಸರು ವಿಜಯ.

ಕಥೆ ಹೀಗೆ. ಮಳೆ ಇಲ್ಲದೆ ಕೆರೆಗಳೆಲ್ಲ ಬತ್ತಿದವು. ಆನೆ ಹಿಂಡು ನೀರು ಹುಡುಕ್ತಾ ಚಂದ್ರಸರಸ್ಸು ಅನ್ನೋ ಕೆರೆಗೆ ಬಂತು. ದಡದಲ್ಲಿ ಮೊಲಗಳು ವಾಸ ಇದ್ದವು. ಆನೆ ಕಾಲಿಗೆ ಸಿಕ್ಕಿ ಎಷ್ಟೋ ಸತ್ತವು. ಆಗ ವಿಜಯ ಅನ್ನೋ ಮೊಲ ಎತ್ತರದ ಬಂಡೆ ಹತ್ತಿ ಆನೆಗಳ ರಾಜನನ್ನ ಕೂಗಿ ಹೇಳ್ತು: ನಾನು ಚಂದ್ರನ ದೂತ, ಈ ಕೆರೆ ಚಂದ್ರನದ್ದು, ನೀವು ಬಂದದ್ದಕ್ಕೆ ಅವನಿಗೆ ಸಿಟ್ಟು ಬಂದಿದೆ. ರಾತ್ರಿ ಆನೆಯನ್ನ ದಡಕ್ಕೆ ಕರ್ಕೊಂಡು ಹೋಗಿ ನೀರಲ್ಲಿ ಚಂದ್ರನ ನೆರಳು ತೋರಿಸ್ತು. ನೀರು ಅಲುಗಿದಾಗ ನೆರಳೂ ನಡುಗ್ತು. ನೋಡು, ಸಿಟ್ಟಿಗೆ ಹೇಗೆ ನಡುಗ್ತಾ ಇದ್ದಾನೆ ಅಂತು ಮೊಲ. ಆನೆ ಕೈಮುಗಿದು ಹಿಂಡು ಕಟ್ಕೊಂಡು ಹೊರಟೇ ಹೋಯ್ತು.

ಸಿಂಹದ ಕಥೆಯಲ್ಲೂ ನೀರಲ್ಲಿ ನೆರಳು, ಇಲ್ಲೂ ನೀರಲ್ಲಿ ನೆರಳು. ಆದರೆ ಇಲ್ಲಿ ಯಾರೂ ಸಾಯಲ್ಲ. ಮೂವತ್ತು ವರ್ಷ ಪಾಠ ಮಾಡಿದವನು ಹೇಳ್ತೀನಿ, ಸಿಂಹದ ಕಥೆಗಿಂತ ಇದೇ ಒಂದು ಕೈ ಮೇಲು.

ಕಾಡುದಾರಿ
ಮೇಷ್ಟ್ರೇ, ಕೆಲವು ಪುಸ್ತಕಗಳಲ್ಲಿ ಆ ಮೊಲಗಳಿಗೆ ಬಿಲ ಇತ್ತು ಅಂತ ಬರೆದಿರ್ತಾರೆ. ನಮ್ಮ ಮೊಲ ಬಿಲ...

ಹಳೇ ಮೇಷ್ಟ್ರು
ಗೊತ್ತಪ್ಪ. ಆನೆಗೆ ಮಾತು ಬರುತ್ತೆ ಅನ್ನೋದನ್ನ ಒಪ್ಕೊಂಡೋನು ಬಿಲದ ಹತ್ತಿರ ಬಂದು ಎಡವಿ ಬೀಳಬೇಡ.

ಸಕ್ರೆಬೈಲು ದಾರಿ
ಸಕ್ರೆಬೈಲಿನಲ್ಲಿ ಬೆಳಗ್ಗೆ ಆನೆಗಳು ತುಂಗೆಗೆ ಇಳಿಯೋವಾಗ ನೋಡಿ. ಚಂದ್ರ ಅಲ್ಲ, ಸೂರ್ಯನ ನೆರಳು ತೋರಿಸಿದ್ರೂ ಮೇಲೆ ಬರಲ್ಲ. ಮಾವುತ ಕಿವಿ ಹಿಂದೆ ಕಾಲಲ್ಲಿ ತಿವೀಬೇಕು.

ಭದ್ರಾವತಿ ಹುಡುಗ
ಸಿಂಹದ ಕಥೆಯನ್ನ ನಾವು ತ್ಯಾವರೆಕೊಪ್ಪದ ಸಿಂಹಧಾಮದಲ್ಲೇ ಆಗಿದ್ದು ಅಂತ ನಂಬಿದ್ವಿ. ಸಫಾರಿಗೆ ಕರ್ಕೊಂಡು ಹೋದಾಗ ನಮ್ಮ ತಮ್ಮ ಇಡೀ ಹೊತ್ತು ಬಾವಿ ಎಲ್ಲಿದೆ ಅಂತ ಹುಡುಕಿದ.

ಮಳೆಕಾಡು
ಮೇಷ್ಟ್ರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಈಗಷ್ಟೇ ಅವಳಿಗೆ ಹೇಳಿದೆ. "ವಿಜಯ ನಮ್ಮ ಕೊಟ್ಟಿಗೆ ದನದ ಹೆಸರಲ್ವಾ?" ಅಂದಳು. ಹೌದು, ನಮ್ಮ ಹಂಡ ದನಕ್ಕೆ ಅಪ್ಪಯ್ಯ ಇಟ್ಟದ್ದು ಅದೇ ಹೆಸರು. ಈಗೇನು ಮಾಡೋದು.

ಸಾಗರದ ಶಶಿ
ಮೊಲಕ್ಕೆ ಹೆಸರಿಲ್ಲ ಅಂತ ಅಷ್ಟು ಹೊತ್ತಿಂದ ಅಳ್ತಾ ಇದ್ದೀರಲ್ಲ, ನನ್ನ ಹೆಸರು ನೋಡಿ. ಶಶ ಅಂದ್ರೆ ಮೊಲ. ಮೊಲ ಇಟ್ಕೊಂಡೋನು ಶಶಿ, ಮೊಲದ ಗುರುತು ಇರೋನು ಶಶಾಂಕ, ಮೊಲ ಹೊತ್ತವನು ಶಶಿಧರ. ಪ್ರತಿ ಕ್ಲಾಸಲ್ಲೂ ಇಬ್ಬರು ಇರ್ತಾರೆ.

ಹಳೇ ಮೇಷ್ಟ್ರು
ತಪ್ಪು. ಶಶಿಯನ್ನ ಹೊತ್ತವನು ಶಶಿಧರ, ಅಂದ್ರೆ ಶಿವ. ಮೊಲ ಹೊತ್ತವನು ಶಶಧರ, ಅದು ಚಂದ್ರ. ಒಂದು ಗುಡಿಸು ಜಾಸ್ತಿ ಹಾಕಿದ್ರೆ ದೇವರೇ ಬದಲಾಗ್ತಾನೆ.

ಸಾಗರದ ಶಶಿ
ರಿಟೈರ್ ಆದ ಮೇಲೂ ಕೆಂಪು ಪೆನ್ನು ಬಿಟ್ಟಿಲ್ಲ ನೀವು.

ಹೊಳೆಸಾಲು ಅಕ್ಕ
ಚಂದ್ರನಲ್ಲಿ ಮೊಲ ಹೇಗೆ ಬಂತು ಅನ್ನೋದಕ್ಕೆ ಜಾತಕ ಕಥೆ ಇದೆ. ಮಂಗ, ನರಿ, ನೀರುನಾಯಿ, ಮೊಲ, ನಾಲ್ಕು ಗೆಳೆಯರು. ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಊಟ ಕೇಳ್ತಾನೆ. ಮಂಗ ಮಾವಿನಹಣ್ಣು ಕೊಡುತ್ತೆ, ನೀರುನಾಯಿ ಮೀನು ಕೊಡುತ್ತೆ. ಮೊಲದ ಹತ್ತಿರ ಹುಲ್ಲು ಬಿಟ್ಟು ಏನಿದೆ? ಬೆಂಕಿ ಹಾಕಿಸಿ ತಾನೇ ಹಾರುತ್ತೆ. ಹಾರೋಕೆ ಮುಂಚೆ ಮೂರು ಸಲ ಮೈ ಕೊಡವುತ್ತೆ, ಕೂದಲಲ್ಲಿ ಇರೋ ಹುಳ ಹುಪ್ಪಟೆ ತನ್ನ ಜೊತೆ ಸುಟ್ಟು ಹೋಗಬಾರದು ಅಂತ. ಬೆಂಕಿ ಮಂಜಿನ ಹಾಗೆ ತಣ್ಣಗಿತ್ತು. ಇಂದ್ರ ಬೆಟ್ಟ ಹಿಂಡಿ ಆ ರಸದಲ್ಲಿ ಚಂದ್ರನ ಮೇಲೆ ಮೊಲದ ಚಿತ್ರ ಬರೆದ.

ನನಗೆ ಆ ಮೈ ಕೊಡವೋದು ಸಾಕು. ಬಗ್ಸು, ಪೀಟರು ಎಲ್ಲಾ ಇದರ ಮುಂದೆ ಸಪ್ಪೆ.

ಕುಂದಾದ್ರಿ ಗಾಳಿ
ಚೀನಾದಲ್ಲಿ ಅದೇ ಚಂದ್ರನ ಮೊಲ ಔಷಧಿ ಕುಟ್ಟುತ್ತೆ, ಜಪಾನಿನಲ್ಲಿ ಅಕ್ಕಿ ಕಡುಬಿನ ಹಿಟ್ಟು ಕುಟ್ಟುತ್ತೆ. 2013ರಲ್ಲಿ ಚೀನಾ ಚಂದ್ರನ ಮೇಲೆ ಇಳಿಸಿದ ಬಂಡಿಗೂ ಆ ಮೊಲದ ಹೆಸರೇ, ಯುಟು. ಮಗಳ ಕೈಗೆ ಒನಕೆ ಕೊಡಿ, ಜಪಾನಿ ಮೊಲ ರೆಡಿ.

ಆಗುಂಬೆ ಜಿಗಣೆ
ನಮ್ಮೂರಲ್ಲಿ ಜೂನ್‌ನಿಂದ ಚಂದ್ರನೇ ಇಲ್ಲ, ಮೊಲ ಎಲ್ಲಿ ಹುಡುಕೋದು.

ಶೃಂಗೇರಿ ಮಾಣಿ
ನಿಜವಾದ ಕಾಲ್ಪನಿಕ ಮೊಲ ಬೇಕಾ? ಕೊಂಬಿರೋ ಮೊಲ. ಶಶವಿಷಾಣ. ನಮ್ಮ ಕಡೆ ವೇದಾಂತ ಪಾಠದಲ್ಲಿ, ಇಲ್ಲವೇ ಇಲ್ಲದ ವಸ್ತುವಿಗೆ ಉದಾಹರಣೆ ಕೊಡಬೇಕಾದರೆ ಮೊಲದ ಕೊಂಬು. ಭರ್ತೃಹರಿ ಇನ್ನೂ ಒಂದು ಹೆಜ್ಜೆ ಮುಂದೆ. ಮರಳು ಹಿಂಡಿ ಎಣ್ಣೆ ತೆಗೀಬಹುದು, ಅಲೆದಾಡಿ ಮೊಲದ ಕೊಂಬೂ ತರಬಹುದು, ಹಟ ಹಿಡಿದ ಮೂರ್ಖನನ್ನ ಒಪ್ಪಿಸೋಕೆ ಆಗಲ್ಲ ಅಂತಾನೆ. 1938, 1940 ಅಂತ ಮೇಲೆ ಜಗಳ ಆಡಿದೋರು ಗಮನಿಸಿ.

ತುಂಗೆಮೀನು
ಕೊಂಬಿನ ಮೊಲ ಅಮೆರಿಕದಲ್ಲೂ ಇದೆ ಮಾಣಿ. ಜಾಕಲೋಪ್ ಅಂತಾರೆ. ವಯೋಮಿಂಗ್ ರಾಜ್ಯದ ಡಗ್ಲಸ್ ಊರಲ್ಲಿ, ಸತ್ತ ಪ್ರಾಣಿಗೆ ಹೊಟ್ಟು ತುಂಬಿಸೋ ಕೆಲಸದವರು 1930ರ ದಶಕದಲ್ಲಿ ಮೊಲಕ್ಕೆ ಜಿಂಕೆ ಕೊಂಬು ಕೂರಿಸಿ ಮಾರಿದ್ರು. ಇನ್ನೂ ತಮಾಷೆ ಅಂದ್ರೆ ಅಲ್ಲಿನ ಕೆಲವು ಕಾಡುಮೊಲಗಳಿಗೆ ಒಂದು ವೈರಸ್‌ನಿಂದ ಮುಖದ ಮೇಲೆ ಕೊಂಬಿನ ಹಾಗೆ ಗಂಟು ಬೆಳೆಯುತ್ತೆ. 1933ರಲ್ಲಿ ರಿಚರ್ಡ್ ಶೋಪ್ ಅನ್ನೋ ವಿಜ್ಞಾನಿ ಅದನ್ನ ತೋರಿಸಿಕೊಟ್ಟ.

ಶೃಂಗೇರಿ ಮಾಣಿ
ಅಯ್ಯೋ, ನಮ್ಮ ಗುರುಗಳಿಗೆ ಹೇಳಬೇಡಿ. ಎಲ್ಲಾ ಉದಾಹರಣೆ ಬದಲಿಸಬೇಕಾಗುತ್ತೆ.

ಹಳೇ ಮೇಷ್ಟ್ರು
ಶೃಂಗೇರಿ ಮಾಣಿ ಆಗಿ ವಿದ್ಯಾರಣ್ಯರ ಮೊಲ ಮರೆತೆಯಲ್ಲೋ. ಹಕ್ಕ ಬುಕ್ಕರು ಬೇಟೆಗೆ ಹೋದಾಗ ಮೊಲವೇ ತಿರುಗಿ ಬಿದ್ದು ನಾಯಿಗಳನ್ನ ಓಡಿಸ್ತಂತೆ. ಇದು ಗಂಡುಮೆಟ್ಟಿದ ನೆಲ, ಇಲ್ಲೇ ರಾಜಧಾನಿ ಕಟ್ಟಿ ಅಂದರಂತೆ ವಿದ್ಯಾರಣ್ಯರು. ಬೆಂಗಳೂರಿನ ಕೆಂಪೇಗೌಡರ ಬಗ್ಗೆಯೂ ಇಂಥದ್ದೇ ಕಥೆ ಹೇಳ್ತಾರೆ.

ಭದ್ರಾವತಿ ಹುಡುಗ
ಊರು ಕಟ್ಟಬೇಕಾದ್ರೆ ಇಂಜಿನಿಯರ್ ಬೇಡ, ಒಂದು ಸಿಟ್ಟಿನ ಮೊಲ ಸಾಕು.

ಕಾಡುದಾರಿ
ವಿಷಯ ಸ್ವಲ್ಪ ಪಕ್ಕಕ್ಕೆ. ನಮ್ಮ ಕಾಡಲ್ಲಿ ಬರ್ಕ, ಅಂದ್ರೆ ಇಲಿಜಿಂಕೆ ಇದೆಯಲ್ಲ, ಮೊಲದಷ್ಟೇ ಎತ್ತರ, ಸಣ್ಣ ಕಾಲು, ಮೈಮೇಲೆ ಬಿಳಿ ಚುಕ್ಕೆ. ಕತ್ತಲಲ್ಲಿ ಎಷ್ಟೋ ಜನ ಅದನ್ನೇ ಮೊಲ ಅಂದ್ಕೊಳ್ತಾರೆ. ಮಲೇಷ್ಯಾ, ಇಂಡೋನೇಷ್ಯಾ ಕಡೆ ಅದರದ್ದೇ ಜಾತಿಯ ಪ್ರಾಣಿಗೆ ಕಾಂಚಿಲ್ ಅಂತಾರೆ. ಅಲ್ಲಿನ ಕಥೆಗಳಲ್ಲಿ ಮೊಲದ ಕೆಲಸವೆಲ್ಲ ಅದರದ್ದು. ಹುಲಿಗೆ ಟೋಪಿ ಹಾಕೋದು, ಮೊಸಳೆಗಳನ್ನ ಸಾಲಾಗಿ ನಿಲ್ಲಿಸಿ ಬೆನ್ನ ಮೇಲೆ ಹೊಳೆ ದಾಟೋದು. ಇಷ್ಟು ದೊಡ್ಡ ಹೀರೋ ನಮ್ಮ ಕಾಡಲ್ಲೇ ಇದ್ದು ನಮ್ಮಲ್ಲಿ ಅದಕ್ಕೊಂದು ಕಥೆ ಇಲ್ಲ.

ಮಳೆಕಾಡು
ಬರ್ಕದ ವೇಷ ಮುಂದಿನ ವರ್ಷ. ಈಗ ಕಿವಿ ಮಾಡೋದು ಹೇಗೆ ಹೇಳಿ. ರಟ್ಟು ಮಳೆಗೆ ತಡೆಯಲ್ಲ.

ಅಡಿಕೆಗೊನೆ
ಅಟ್ಟದ ಮೇಲೆ ಅಡಿಕೆ ಹಾಳೆ ಇರಬೇಕಲ್ಲ? ರಾತ್ರಿ ನೀರಲ್ಲಿ ನೆನೆಸಿಡಿ, ಬೆಳಗ್ಗೆ ಹೇಳಿದ ಹಾಗೆ ಬಾಗುತ್ತೆ. ಉದ್ದಕ್ಕೆ ಎರಡು ಪಟ್ಟಿ ಕೊಯ್ದು ತುದಿ ಚೂಪು ಮಾಡಿ, ನಡುವೆ ಮಡಚಿ ದಾರ ಕಟ್ಟಿ ಒಲೆ ಮೇಲೆ ತೂಗು ಹಾಕಿ. ಒಣಗಿದ್ರೆ ಹಾಗೇ ನಿಲ್ಲುತ್ತೆ. ಬುಡವನ್ನ ಹಾಳೆಟೋಪಿಗೆ ಚುಚ್ಚಿ ಹೊಲಿಯಿರಿ.

ಕಾಡುದಾರಿ
ಬಣ್ಣ ಹಚ್ಚಬೇಡಿ! ಒಣಗಿದ ಹಾಳೆ ಬಣ್ಣವೇ ನಮ್ಮ ಮೊಲದ ಬಣ್ಣ. ಕತ್ತಿನ ಹಿಂದೆ ಮಾತ್ರ ಮಸಿ ಬಳಿಯಿರಿ.

ಮಳೆಕಾಡು (ಶನಿವಾರ ಸಂಜೆ)
ವರದಿ ಒಪ್ಪಿಸ್ತಾ ಇದ್ದೀನಿ. ಚೀಟಿಯಲ್ಲಿ 'ವಿಜಯ, ಚಂದ್ರನ ದೂತ' ಅಂತ ಬರೆದ್ವಿ. ಈ ಸಲ ವಾಪಸ್ ಬರಲಿಲ್ಲ. ಹಾಳೆ ಕಿವಿ ಬಹಳ ಚೆನ್ನಾಗಿ ಬಂದಿತ್ತು. ಆದರೆ ಬಸ್ಸಿಂದ ಇಳಿದು ಶಾಲೆ ತನಕ ನಡೆಯೋ ಅಷ್ಟರಲ್ಲಿ ಕೊಡೆ ತಿರುಗಿ ಬಿದ್ದು ನೆನೆದು, ಎಡಗಿವಿ ಮೆತ್ತಗಾಗಿ ಕಣ್ಣ ಮೇಲೆ ಜೋತು ಬಿತ್ತು. ಅವಳು ಅದನ್ನ ಒಂದು ಕೈಯಲ್ಲಿ ಎತ್ತಿ ಹಿಡ್ಕೊಂಡೇ ಬೆಂಚಿನ ಮೇಲೆ ಹತ್ತಿ ಕಥೆ ಹೇಳಿದಳು. ಆನೆ ಹೋದ ಮೇಲೆ ಸಿಂಹವೂ ಬಂತು. ಅದನ್ನೂ ಅದೇ ಕೆರೆಗೆ ಬೀಳಿಸಿದಳು. ಎರಡನೇ ಬಹುಮಾನ, ಒಂದು ಸ್ಟೀಲ್ ಡಬ್ಬಿ. ಮೊದಲನೇದು ಒನಕೆ ಓಬವ್ವನಿಗೆ.

ಕುಂದಾದ್ರಿ ಗಾಳಿ
ಹೇಳಿದ್ನಲ್ಲ, ಒನಕೆ ಕೊಡಿ ಅಂತ.

ಹಳೇ ಮೇಷ್ಟ್ರು
ಸಿಂಹ ಬಂದದ್ದು ಪಾಠಾಂತರ. ತಪ್ಪಲ್ಲ ಅಂತ ಮಗುವಿಗೆ ಹೇಳಿ.

ಮಳೆಕಾಡು
ಹೇಳ್ತೀನಿ ಮೇಷ್ಟ್ರೇ. ಒಂದೇ ತೊಂದರೆ, ಕಿವಿ ಹೊಲಿದದ್ದು ಅಪ್ಪಯ್ಯನ ತೋಟಕ್ಕೆ ಹೋಗೋ ಟೋಪಿಗೆ. ಬಿಚ್ಚಿದ್ರೆ ತೂತು ಉಳಿಯುತ್ತೆ, ಮಳೆ ನೀರು ನೆತ್ತಿಗೇ ಇಳಿಯುತ್ತೆ. ಅವರು ಏನೂ ಅನ್ನದೆ ಕಿವಿ ಸಮೇತ ಹಾಕ್ಕೊಂಡು ತೋಟಕ್ಕೆ ಇಳಿದಿದ್ದಾರೆ. ಔಷಧಿ ಹೊಡೆಯೋಕೆ ಬಂದ ಆಳುಗಳು ಕೆಲಸ ಬಿಟ್ಟು ನೋಡ್ತಾ ನಿಂತಿದ್ದಾರೆ.